ನೀರಿಗೆ ಬಿದ್ದ ಕಲ್ಲು

ಮಗ್ದಲೇನಾ ಹೊಳೆಯ ದಂಡೆಯ ನಮ್ಮೂರಿನ ಮಡಕೆಗೆ ಕಪ್ಪು ಬಣ್ಣ ಕತ್ತೆ ಲದ್ದಿಯ ಹೊಗೆಯಿಂದ ಬರುತ್ತದೆ, ಹೊಳಪು ಕಲ್ಲಿನಿಂದ. ಮಡಕೆ ಅರ್ಧ ಒಣಗಿರಬೇಕು. ಬೆರಳು ಒತ್ತಿದರೆ ಗುರುತು ಬೀಳಬಾರದು, ಕೆನ್ನೆಗಿಟ್ಟರೆ ತಣ್ಣಗಿರಬೇಕು. ಆಗ ನುಣ್ಣನೆಯ ಹೊಳೆಗಲ್ಲಿನಿಂದ ಉಜ್ಜಬೇಕು. ಹೊಸ ಕಲ್ಲು ಗೀರು ಬಿಡುತ್ತದೆ. ಅದಕ್ಕೇ ಅಜ್ಜಿಯ ಕಲ್ಲು ತಾಯಿಗೆ, ತಾಯಿಯದು ಮಗಳಿಗೆ; ಅದೂ ತಾಯಿ ಸತ್ತ ಮೇಲೆ. ಬದುಕಿರುವಾಗ ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವಳ ಕೈ ಬಿದ್ದುಹೋಗುತ್ತದೆ ಎನ್ನುತ್ತಾರೆ.

ಪಕ್ಕದ ಮನೆಯ ಉಬಾಲ್ದಿನಾಗೆ ಮಗಳಿಲ್ಲ. ಇರುವುದು ಒಬ್ಬ ಮಗ. ದೀಕ್ಷಾಸ್ನಾನದಲ್ಲಿ ಅವನನ್ನು ಎತ್ತಿಕೊಂಡು ನಿಂತ ಜ್ಞಾನತಾಯಿ ನಾನು, ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುತ್ತೇವೆ. ಸೊಸೆಯ ಹೆಸರು ಯಾನೆತ್; ಅವಳಿಗೆ ತನ್ನದೆಂಬ ಹಳೆಯ ಕಲ್ಲಿಲ್ಲ. ಮಡಕೆ ಮಾಡುವ ಹೆಂಗಸರು ಊರಿನಲ್ಲಿ ಐದೇ ಜನ ಉಳಿದಿದ್ದಾಗ ಇಬಾಗೆ ಪಟ್ಟಣದ ಹೋಟೆಲಿನವರೊಬ್ಬರು ಅರವತ್ತು ಮಡಕೆ ಕೇಳಿದರು. ಹೊಳಪು ಚೆನ್ನಾಗಿದ್ದರೆ ಪ್ರತಿ ತಿಂಗಳೂ ಬೇಕೆಂದರು. ಇದು ತಪ್ಪಿದರೆ ಯಾನೆತ್ ರಾಜಧಾನಿ ಬೊಗೊಟಾಕ್ಕೆ ಮನೆಗೆಲಸಕ್ಕೆ ಹೋಗುವವಳು. ಊರಿನ ಇನ್ನೂ ಮೂವರು ಹುಡುಗಿಯರು ಅವಳ ಹಿಂದೆ ಹೊರಡಲು ಕಾದಿದ್ದರು.

ಮಡಕೆ ಸುಟ್ಟ ಮೊದಲ ಗೂಡಿನಲ್ಲಿ ಹನ್ನೊಂದು ಸಿಪ್ಪೆ ಎದ್ದು ಬಂದವು. ಹನ್ನೊಂದೂ ಉಬಾಲ್ದಿನಾ ಉಜ್ಜಿದವು. ತೀರಾ ಒಣಗಿದ ಮೇಲೆ ಉಜ್ಜಿದ್ದಳು.

"ಲದ್ದಿ ಹಸಿ ಇತ್ತು," ಎಂದಳು.

"ಲದ್ದಿ ಒಣಗ್ಸಿದ್ದು ನಾನು ಕೊಮಾದ್ರೆ. ನಿನ್ನ ಕೆನ್ನೆಗೇ ವಯಸ್ಸಾಯ್ತು."

"ನಿನ್ನ ನಾಲಿಗೆಗೆ ಯಾವಾಗ ಆಗತ್ತೋ!"

ಯಾನೆತ್ ಮೆಲ್ಲಗೆ ಕೇಳಿದಳು: "ಅತ್ತೆ, ಕಲ್ಲು ಒಂದಿನ ನಂಗೆ ಕೊಡಿ."

"ನಾನಿನ್ನೂ ಸತ್ತಿಲ್ಲ ಕಣೇ. ನೀನು ನನ್ನ ಹೊಟ್ಟೇಲಿ ಹುಟ್ಟಿದೋಳೂ ಅಲ್ಲ."

ಮರುದಿನ ಬೆಳಿಗ್ಗೆ ಯಾನೆತ್ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಉಬಾಲ್ದಿನಾ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಅಂಗಳಕ್ಕೆ ಬಂದು, ಕೆಮ್ಮಣ್ಣು ಕದಡಿಟ್ಟ ಬೋಗುಣಿಯ ಮೇಲೆ ಕೈ ಚಾಚಿ ಬೆರಳು ಬಿಡಿಸಿದಳು. ಬುಳಕ್ ಎಂದಿತು.

"ಯಾನೆತ್! ನೀರಲ್ಲಿ ಏನೋ ಬಿತ್ತು ನೋಡೇ. ನಂಗೆ ಬಗ್ಗಕ್ಕಾಗಲ್ಲ."

ಯಾನೆತ್ ಮೊಣಕೈವರೆಗೆ ಕೈ ಹಾಕಿ ಕಲ್ಲು ತೆಗೆದಳು, ಲಂಗಕ್ಕೆ ಒರೆಸಿ ಅತ್ತೆಯತ್ತ ಚಾಚಿದಳು. ಉಬಾಲ್ದಿನಾ ಎರಡೂ ಕೈ ಜೇಬಿಗೆ ಸೇರಿಸಿಬಿಟ್ಟಳು.

"ನಂಗ್ಯಾಕೆ? ಸಿಕ್ಕಿದೋರದ್ದು ಅದು. ಒದ್ದೆ ಬಟ್ಟೆ ಹೊದಿಸಿರೋ ಮಡಕೆ ಇದೆಯಲ್ಲ, ಹದಕ್ಕೆ ಬಂತೇನೋ. ಕೆನ್ನೆಗಿಟ್ಟು ನೋಡು."

ಯಾನೆತ್ ಕಣ್ಣು ಮುಚ್ಚಿ ಕೆನ್ನೆಗಿಟ್ಟಳು.

"ತಣ್ಣಗಿದೆ ಅತ್ತೆ."

"ಹಂಗಾದ್ರೆ ಕೂತ್ಕೋ."

ಚೀಲ ಮಂಚದ ಮೇಲೆ ಬಾಯಿ ತೆರೆದೇ ಇತ್ತು. ಮಧ್ಯಾಹ್ನ ನಾನೇ ಒಳಗೆ ಹೋಗಿ ಬಟ್ಟೆಗಳನ್ನು ಮತ್ತೆ ಗೂಟಕ್ಕೆ ಹಾಕಿ ಬಂದೆ.