ಕುರಿ ಚಿತ್ರದ ಬೆನ್ನಿಗೆ ಕಟ್ಟೆ ನೀರು

ಪೇಪರ್ ಇಟ್ಟುಕೊಂಡು ಪಾಠ ಮಾಡುತ್ತೇನೆ ಎಂದಾಗ ನಮ್ಮ ಹೆಡ್ಮಾಸ್ಟರು ನಕ್ಕುಬಿಟ್ಟರು. "ಪುಸ್ತಕಾನೇ ಓದದ ಮಕ್ಕಳು ಪೇಪರ್ ಓದ್ತಾವಾ ಮೇಡಂ?" ಆಗಲ್ಲ ಎಂದು ಯಾರಾದರೂ ಅಂದರೆ ಸಾಕು, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವತ್ತು ಸಂಜೆಯೇ ಮಳವಳ್ಳಿಯ ಏಜೆಂಟನಿಗೆ ಹೇಳಿ, ನನ್ನ ಖರ್ಚಿನಲ್ಲೇ ಶಾಲೆಗೊಂದು ಪೇಪರ್ ಗೊತ್ತು ಮಾಡಿಸಿದೆ.

ನಮ್ಮ ಶಾಲೆ ಇರುವುದು ಬಂಡೂರಿನ ಪಕ್ಕದ ಒಂದು ಹಳ್ಳಿಯಲ್ಲಿ. ಹತ್ತು ಗಂಟೆಯ ಬಸ್ಸಿನ ಕಿಟಕಿಯಿಂದ ಕಂಡಕ್ಟರ್ ಪೇಪರ್ ಎಸೆದು ಹೋಗುತ್ತಿದ್ದ. ಹಗಲೆಲ್ಲ ಅದು ಏಳನೇ ಕ್ಲಾಸಿನ ಮಕ್ಕಳದು. ಸಂಜೆ ಬೆಲ್ಲು ಹೊಡೆದ ಮೇಲೆ ಟೀ ಅಂಗಡಿ ಜಗಲಿಯ ಹಿರಿಯರದು. ಮದ್ದೂರಿನ ಎಳನೀರು ರೇಟು ಹಿಡಿದು ಗುಣಾಕಾರ ಭಾಗಾಕಾರ ಮಾಡಿಸುತ್ತಿದ್ದೆ. ಸೀರೆ ಅಂಗಡಿಯ ಜಾಹೀರಾತಿನಲ್ಲಿ ಒತ್ತಕ್ಷರ ಹುಡುಕಿಸುತ್ತಿದ್ದೆ. ಕ್ಲಾಸಿನಲ್ಲಿ ಸಂತೆಯಷ್ಟು ಗಲಾಟೆ, ನನಗಂತೂ ಬಲು ಖುಷಿ.

ಆ ಗಲಾಟೆಯಲ್ಲಿ ಬಾಯಿ ಬಿಡದವಳು ಒಬ್ಬಳೇ ಹುಡುಗಿ. ಅಕ್ಷರ ಗೊತ್ತಿತ್ತು, ಆದರೆ ಪಾಠದ ಪುಸ್ತಕ ತೆರೆದರೆ ಸಾಕು, ತುಟಿ ಹೊಲಿದುಕೊಂಡ ಹಾಗೆ ನಿಂತುಬಿಡುತ್ತಿದ್ದಳು. ಅವಳ ತಾತ ನಮ್ಮ ಶಾಲಾ ಸಮಿತಿಯ ಯಜಮಾನರು. ಒಂದು ದಿನ ನನ್ನನ್ನು ನಿಲ್ಲಿಸಿ, "ಏಳಕ್ಕೇ ಬುಡಿಸ್ಬುಡ್ತೀನಿ ಮೇಡಂ. ಇದ್ರ ತಲ್ಗೆ ಓದು ಅತ್ತಕಿಲ್ಲ. ಪೂರಿಗಾಲಿ ಐಸ್ಕೂಲ್ಗೆ ಬಸ್ಸತ್ತಿ ಓಗಿ ಏನ್ ಮಾಡ್ತದೆ? ಮನೇಲಿ ಕುರಿ ನೋಡ್ಕಂಡಿರ್ಲಿ" ಎಂದರು. ನನ್ನ ಮೈ ಉರಿದುಹೋಯಿತು. ಯಾಕೆಂದರೆ ಪೇಪರ್ ಬಂದ ಮೇಲೆ ಆ ಹುಡುಗಿ ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ನನ್ನ ಕಿವಿಯ ಬಳಿ ಒಂದೊಂದೇ ಸುದ್ದಿ ಓದುವುದಕ್ಕೆ ಶುರುಮಾಡಿದ್ದಳು. ಮೊದಲು ದಪ್ಪ ಅಕ್ಷರ, ಆಮೇಲೆ ಸಣ್ಣದು. ಹೇಳಿದರೆ ತಾತ ನಂಬಬೇಕಲ್ಲ!

ಹೀಗಿರುವಾಗ ಪೇಪರಿನಲ್ಲಿ ಬಂಡೂರು ಕುರಿಯ ಚಿತ್ರ ಬಂತು. ನಮ್ಮ ಕುರಿ, ನಮ್ಮ ಕುರಿ ಎಂದು ಮಕ್ಕಳು ಕುಣಿದಾಡಿಬಿಟ್ಟರು. "ಕತ್ತರಿಸಿ ಚಾರ್ಟಿಗೆ ಅಂಟಿಸ್ರೋ" ಎಂದೆ. ಕತ್ತರಿ ಹಿಡಿದವಳು ಅದೇ ಹುಡುಗಿ. ಗೋಂದು ಮುಗಿದಿತ್ತು, ಬಿಸಿಯೂಟದ ಅನ್ನದ ಅಗುಳನ್ನೇ ತಿಕ್ಕಿ ಅಂಟಿಸಿದರು. ಸಂಜೆ ಪೇಪರ್ ಎಂದಿನಂತೆ ಜಗಲಿಗೆ ಹೋಯಿತು.

ಮಾರನೆಯ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಹಿರಿಯರ ದಂಡು ಶಾಲೆಗೆ ಬಂತು. ಯಜಮಾನರು ಪೇಪರನ್ನು ಮುಖದ ಮುಂದೆ ಹಿಡಿದು, ಮಧ್ಯದ ತೂತಿನಿಂದ ನನ್ನನ್ನು ಒಂದು ಕಣ್ಣಲ್ಲಿ ನೋಡಿದರು. "ಏನ್ ಮೇಡಂ ಇದು? ಕಟ್ಟೆ ನೀರು ಎಲ್ಲೋಯ್ತು?"

ಅಯ್ಯೋ ನನ್ನ ಕರ್ಮವೇ! ನಮ್ಮ ಜಿಲ್ಲೆಯಲ್ಲಿ ಪೇಪರ್ ಬಿಡಿಸಿದವರು ಮೊದಲು ನೋಡುವುದೇ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಅದರಲ್ಲೂ ನಮ್ಮದು ನಾಲೆಯ ಕೊನೆ ಭಾಗ, ಭತ್ತದ ಸಸಿಗೆ ಒಟ್ಲು ಹಾಕುವ ಕಾಲ ಬೇರೆ. ಕುರಿಯ ಹಿಂದೆ ಆ ಅಂಕಣ ಇದ್ದದ್ದನ್ನು ನಾನು ನೋಡಿರಲೇ ಇಲ್ಲ.

"ಹತ್ತು ಗಂಟೆಗೆ ಇವತ್ತಿನದು ಬರುತ್ತಲ್ಲ" ಎಂದೆ.

"ನಿನ್ನೇದ್ ಗೊತ್ತಿಲ್ದೆ ಇವತ್ತು ಏರ್ತೋ ಇಳೀತೋ ಅಂತ ಎಂಗ್ ಗೊತ್ತಾಯ್ತದೆ?"

"ಫೋನಲ್ಲೂ ಬರುತ್ತೆ."

"ಫೋನಲ್ಲಿ ಓದೊರ್ಸದ ಪೋಟೊ ಕಳುಸ್ತಾರೆ! ಅದ ನಂಬ್ಕಂಡು ಒಟ್ಲು ಆಕಕ್ಕಾಯ್ತದಾ?" ಯಜಮಾನರು ಪೇಪರ್ ಮಡಿಸಿದರು. "ಇವತ್ತಿಂದ ಪೇಪರ್ ಪಾಠ ಬ್ಯಾಡ. ಬುಕ್ ಪಾಠ ಮಾಡಿ." ಹೆಡ್ಮಾಸ್ಟರು ತಲೆಯಾಡಿಸಿದರು. ಕಂಬದ ಹಿಂದೆ ನಿಂತಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಪೇಪರ್ ನಿಂತರೆ ಅವಳ ಬಾಯಿ ಮತ್ತೆ ಮುಚ್ಚಿಹೋಗುತ್ತದೆ, ಅವಳ ಓದು ಏಳಕ್ಕೇ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು.

"ನಿಮ್ಮ ನೀರು ತಾನೇ? ಕಿತ್ತುಕೊಡ್ತೀನಿ ಇರಿ" ಎಂದು ಚಾರ್ಟಿಗೆ ಉಗುರು ಹಾಕಿದೆ. ಕುರಿಯ ಒಂದು ಕಾಲು ಹರಿದು ಕೈಗೆ ಬಂತು. ಅಡುಗೆಯಮ್ಮ ಓಡಿಬಂದು ಚಾರ್ಟನ್ನು ಕಿತ್ತುಕೊಂಡಳು. "ಬುಡಿ ಮೇಡಂ! ನಿಮ್ ಕೈಗೆ ಸಿಕ್ರೆ ಕುರಿ ಉಳ್ದದಾ?" ಹಾಲಿನ ಪುಡಿ ಕಲಸಲೆಂದು ಕಾಯಲಿಟ್ಟ ನೀರಿನ ಆವಿಗೆ ಹಿಡಿದು ಮೆಲ್ಲಗೆ ಬಿಡಿಸಿದಳು. ಇಡೀ ದಂಡು ಅಡುಗೆಮನೆಯೊಳಗೆ ನುಗ್ಗಿ, ಒಲೆಯ ಸುತ್ತ ನಿಂತಿತ್ತು. ನನಗೆ ಸಿಟ್ಟಿನ ಮಧ್ಯೆಯೂ ನಗು ತಡೆಯಲಾಗಲಿಲ್ಲ.

ಚೂರು ಬಂತು, ಆದರೆ ಒದ್ದೆ, ಅಕ್ಷರ ಸಣ್ಣವು. ಯಜಮಾನರು ಜೇಬು ತಡಕಿದರು, ಕನ್ನಡಕ ಮನೆಯಲ್ಲಿತ್ತು. ಉಳಿದವರು ದೂರ ಹಿಡಿದರು, ಹತ್ತಿರ ಹಿಡಿದರು, ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ನಾನು ಓದಲು ಕೈ ಚಾಚಿದೆ. ಅಷ್ಟರಲ್ಲಿ ಯಾರೋ ನನ್ನ ಸೆರಗು ಎಳೆದರು.

"ನಾನ್ ಓದ್ಲಾ ಮಿಸ್?" ಅದೇ ಕಿವಿಮಾತಿನ ದನಿ.

"ಓದು. ನಿಮ್ಮ ತಾತನಿಗೆ ಕೇಳೋ ಹಾಗೆ ಓದಬೇಕು" ಎಂದೆ.

ಅವಳು ಚೂರನ್ನು ಅಂಗೈಯ ಮೇಲೆ ಹರಡಿಕೊಂಡಳು. ಗರಿಷ್ಠ ಮಟ್ಟ ಎನ್ನುವಲ್ಲಿ ಮುಗ್ಗರಿಸಿದಳು, ಎಂಜಲು ನುಂಗಿ ಮತ್ತೆ ಹಿಡಿದಳು. ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಲ್ಲವನ್ನೂ ಅಂಕಿ ಸಮೇತ, ಒಲೆಯ ಉರಿಯ ಸದ್ದಿಗಿಂತ ಜೋರಾಗಿ ಓದಿದಳು. ನೀರು ಏರುತ್ತಿತ್ತು. ಹಿರಿಯರು ಆಗಲೇ ಒಟ್ಲಿನ ಮಾತಿಗೆ ಇಳಿದರು.

ಯಜಮಾನರು ಮಾತ್ರ ಅಲುಗಾಡಲಿಲ್ಲ. "ಇನ್ನೊಂದ್ ಕಿತ ಓದವ್ವ" ಎಂದರು. ಓದಿದಳು. "ಇನ್ನೊಂದ್ ಕಿತ."

ಪಕ್ಕದವರು ರೇಗಿದರು. "ಕಿವಿ ಕೇಳಕಿಲ್ವೇನ್ಲಾ? ನೀರು ಏರ್ತಾ ಅದೆ ಅಂತ ಏಳ್ನಿಲ್ವಾ?"

"ನೀರಿನ ಮನೆ ಆಳಾಗ್ಲಿ, ಸುಮ್ಕಿರ್ಲಾ! ಮಗ ಓದ್ತಾವ್ಳೆ."

ಹೊರಗೆ ಹತ್ತು ಗಂಟೆಯ ಬಸ್ಸಿನ ಹಾರ್ನು ಕೇಳಿತು. ಯಜಮಾನರೇ ಹೊರಗೆ ಹೋಗಿ ಅವತ್ತಿನ ಪೇಪರ್ ಎತ್ತಿಕೊಂಡು ಬಂದರು. ಬಿಡಿಸಿ ನೋಡದೆ, ಮಡಿಕೆ ಸಮೇತ ಮೊಮ್ಮಗಳ ಕೈಗಿಟ್ಟರು. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಮೇಡಂ, ಪೂರಿಗಾಲಿ ಐಸ್ಕೂಲ್ಗೆ ಐಕ್ಳು ಓಗೋ ಬಸ್ಸು ಎಷ್ಟೊತ್ಗೆ ಬತ್ತದೆ?"