ಕ್ಯಾಸಂಬಳ್ಳಿ ಕಡೆಯಿಂದ ಬಂದ ತ್ರೀ ನಾಟ್ ತ್ರೀ

ಎಂಬತ್ತರ ದಶಕದ ಆರಂಭದಲ್ಲಿ ನಾನು ಕೆ.ಜಿ.ಎಫ್.ನಲ್ಲಿ ಪೊಲೀಸ್ ಆರ್ಮರರ್ ಆಗಿದ್ದೆ. ಇಲಾಖೆಯ ಬಂದೂಕುಗಳನ್ನು ಬಿಚ್ಚಿ, ಒರೆಸಿ, ರಿಪೇರಿ ಮಾಡುವುದು ನನ್ನ ಕೆಲಸ. ಲೈಸೆನ್ಸ್ ಇಲ್ಲದ ಬಂದೂಕು ಸಿಕ್ಕರೆ ಅದು ಯಾವುದು, ಗುಂಡು ಹಾರಿಸುತ್ತದೆಯೇ ಎಂದು ಅಭಿಪ್ರಾಯ ಕೊಡುವುದೂ ನನ್ನ ತಲೆಗೇ ಬರುತ್ತಿತ್ತು. ಬಹುತೇಕ ಅವು ಹಂದಿ ಹೊಡೆಯುವ ನಾಡಬಂದೂಕುಗಳು. ಅವಕ್ಕೆ ಒಂದು ನೋಟ ಸಾಕು.

ಆಯುಧಪೂಜೆಯ ಮರುದಿನ ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಬಂದದ್ದು ಹಾಗಿರಲಿಲ್ಲ. ಅದು ತ್ರೀ ನಾಟ್ ತ್ರೀ, ಸೇನೆಯ ರೈಫಲ್. ಮನೆಯಲ್ಲಿಟ್ಟುಕೊಂಡರೆ ಜೈಲು ಖಾತ್ರಿ. ಪೂಜೆಗಿಟ್ಟಿದ್ದನ್ನು ಕಂಡು, ಬದುವಿನ ಜಗಳವಿದ್ದ ಪಕ್ಕದವರು ದೂರು ಕೊಟ್ಟಿದ್ದರು. ಮನೆಯ ಯಜಮಾನ ಕೃಷ್ಣಪ್ಪನನ್ನು ಹಿಡಿದು ತಂದಿದ್ದರು. ಅವನು ಕೋರಮಂಡಲ್ ಗಣಿಯ ಕೆಲಸಗಾರ. ಸಿಡಿಮದ್ದು ಓಡಾಡುವ ಜಾಗಕ್ಕೆ ಆಯುಧ ಕೇಸಿನವನನ್ನು ಮತ್ತೆ ಇಳಿಸುತ್ತಾರೆಯೇ? ಅವನ ಹೆಂಡತಿ ಠಾಣೆಯ ಬಾಗಿಲಲ್ಲಿ ಅಳುತ್ತಾ ಕೂತಿದ್ದಳು.

ಹಿಂದೆಯೇ ಅವನ ತಂದೆ ಮುನಿಯಪ್ಪ ಬಸ್ಸು ಹಿಡಿದು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಆದರೂ ಎದೆ ಸೆಟೆಸಿ ನಿಂತರು.

"ಬಂದೂಕು ನಂದು ಸೋಮಿ. ಬರ್ಮಾ ಯುದ್ಧದಾಗೆ ಇದ್ರಾಗೇ ಗುಂಡು ಒಡ್ದಿದ್ದು. ಮಗನ್ನ ಬಿಡ್ರಿ, ನನ್ನ ಒಳಕ್ಕಾಕ್ರಿ."

"ಒಳ್ಳೇದಾಯ್ತು, ಇಬ್ಬರನ್ನೂ ಹಾಕೋಣ" ಎಂದರು ಇನ್ಸ್‌ಪೆಕ್ಟರ್.

ಪಕ್ಕದ ಕೋಣೆಯಲ್ಲಿ ನಾನು ರೈಫಲ್ ಬಿಚ್ಚಲು ಕೂತೆ. ಮುನಿಯಪ್ಪ ಬೇಡವೆಂದರೂ ಬಂದು ಎದುರಿಗೆ ನಿಂತರು. ವರ್ಷವರ್ಷವೂ ಬಳಿದ ಹರಳೆಣ್ಣೆ, ಅರಿಶಿನ, ಕುಂಕುಮ ನಳಿಗೆಯ ಬುಡದಲ್ಲಿ ಗಾರೆಯಂತೆ ಗಟ್ಟಿಯಾಗಿತ್ತು. ಪೂಜೆ ಅವರದೇ ಅಂತೆ, ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕಿದಾಗ ಕುಂಕುಮದ ಕೆಳಗೆ ಮೇಣ ಕಂಡಿತು. ಮೇಣ ತೆಗೆದರೆ, ಗುಂಡು ಕೂರುವ ಜಾಗದಲ್ಲೇ ಆರಪಾರ ಕೊರೆದ ತೂತು. ಪಕ್ಕದಲ್ಲಿ ಡಿ.ಪಿ. ಎಂಬ ಅಕ್ಷರಗಳು, ಅಂದರೆ ಡ್ರಿಲ್ ಪರ್ಪಸ್. ಹೊಸಬರಿಗೆ ಕವಾಯತು ಕಲಿಸಲು ಹಳೆಯ ರೈಫಲ್‌ಗಳನ್ನು ಸೇನೆಯವರು ಹೀಗೆ ಕೊರೆದು ಕೆಡಿಸುತ್ತಿದ್ದರು. ಗುಂಡಿಗೆ ಬಡಿಯುವ ಫೈರಿಂಗ್ ಪಿನ್ನಿನ ತುದಿಯನ್ನೂ ಕತ್ತರಿಸಲಾಗಿತ್ತು. ಇದು ಗುಂಡು ಹಾರಿಸುವ ಮಾತೇ ಇಲ್ಲ.

ಕೃಷ್ಣಪ್ಪ ಉಳಿದ ಎಂದು ಖುಷಿಯಿಂದ ತಲೆ ಎತ್ತಿದೆ. ಮುದುಕರ ಮುಖ ಬಿಳಿಚಿಕೊಂಡಿತ್ತು. ನನ್ನ ಮುಂಗೈ ಹಿಡಿದುಕೊಂಡರು.

"ಕೇಸು ನನ್ಮೇಲೇ ಆಕ್ರಿ ಸೋಮಿ. ತೂತಿನ ಇಚಾರ ನನ್ ಮಗನ್ ಮುಂದೆ ಯೋಳ್ಬೇಡ್ರಿ."

ಆದರೆ ತೂತಿನ ವಿಚಾರ ಹೇಳದೆ ಮಗನನ್ನು ಬಿಡಿಸುವ ದಾರಿಯೇ ಇರಲಿಲ್ಲ. ಇನ್ಸ್‌ಪೆಕ್ಟರ್ ಮುಂದೆ ಹೇಳಿದೆ. ಕೃಷ್ಣಪ್ಪ ಅಲ್ಲೇ ನಿಂತಿದ್ದ.

"ಏನಜ್ಜ, ಬರ್ಮಾದಲ್ಲಿ ಇದರಿಂದ ಸೊಳ್ಳೆ ಹೊಡೆದ್ಯಾ?" ಎಂದು ಇನ್ಸ್‌ಪೆಕ್ಟರ್ ನಕ್ಕರು. ಪೇದೆಗಳೂ ನಕ್ಕರು. ಕೃಷ್ಣಪ್ಪ ನಗಲಿಲ್ಲ.

"ಅಪ್ಪಾ, ಅಂಗಾದ್ರೆ ಬರ್ಮಾ?"

ಮುನಿಯಪ್ಪ ಬೆಂಚಿನ ಮೇಲೆ ಕೂತರು.

"ನಾನು ಓಗ್ಲಿಲ್ಲ ಕಣ್ಲಾ. ಮಿಲ್ಟ್ರಿ ಡಿಪೋದಾಗೆ ಕವಾಯತ್ ಕಲಿಸ್ತಿದ್ದೆ. ನಮ್ ಕಡೆ ಉಡುಗ್ರು, ಇನ್ನೂ ಮೀಸೆ ಬಂದಿರ್ಲಿಲ್ಲ. ಬಂದೂಕು ಇಡಿಯೋದು ಇದ್ರಾಗೇ ಕಲ್ತ್ಕೊಂಡು ಬರ್ಮಾಕ್ಕೆ ಓದ್ರು. ನಮ್ ಕಡೆಯೋರು ಒಬ್ರೂ ತಿರುಗಿ ಬರ್ಲಿಲ್ಲ. ಊರಿಗ್ ಬಂದ್ರೆ ಅವ್ರ ತಾಯಂದ್ರು, ನೀನೊಬ್ನೇ ಎಂಗ್ ಬದುಕ್ಕೊಂಡೆ ಅಂತ ಕೇಳಿದ್ರು. ನಾನೂ ಯುದ್ಧ ಮಾಡ್ದೆ ಅಂದ್ಬಿಟ್ಟೆ. ಡಿಪೋ ಮುಚ್ಚಿದಾಗ ಇದು ಗುಜರಿಗೆ ಬಿತ್ತು, ತಂದಿಟ್ಕೊಂಡೆ. ಅವ್ರ ಕೈ ತಾಗಿದ್ದು ಇನ್ನೇನೈತೆ?"

ಆಮೇಲೆ ಠಾಣೆಯಲ್ಲಿ ಯಾರೂ ನಗಲಿಲ್ಲ. ಕೃಷ್ಣಪ್ಪ ಅಪ್ಪನ ಪಕ್ಕ ಕೂತ.

ಕೇಸು ಬಿದ್ದುಹೋಯಿತು, ಅವನು ಗಣಿ ಕೆಲಸಕ್ಕೆ ಮರಳಿದ. ರೈಫಲನ್ನು ಮಾತ್ರ ವಾಪಸು ಕೊಡಲಿಲ್ಲ. ಕತ್ತರಿಸಿ ಹಾಕಲು ಆದೇಶವಾಗಿ ನನ್ನ ಕೈಗೇ ಬಂತು. ಎಷ್ಟೋ ಬಂದೂಕು ತುಂಡು ಮಾಡಿದವನು ನಾನು. ಅವತ್ತು ಗರಗಸ ಹಿಡಿದು ಅತ್ತುಬಿಟ್ಟೆ.

ನಿವೃತ್ತಿಯವರೆಗೂ, ಯಾರ ಮನೆಯ ಬಂದೂಕು ಬಂದರೂ ಬಿಚ್ಚುವ ಮುಂಚೆ ಅವರನ್ನು ಒಬ್ಬರನ್ನೇ ಪಕ್ಕಕ್ಕೆ ಕರೆದು, ಅದು ಹೇಗೆ ಬಂತೆಂದು ಕೇಳುತ್ತಿದ್ದೆ. ಗುಂಡು ಹಾರದ ಬಂದೂಕೂ ಒಬ್ಬ ಮನುಷ್ಯನನ್ನು ಜೀವನವಿಡೀ ಹೊಡೆಯುತ್ತಿರಬಹುದು ಎಂದು ಈ ಕೆಲಸ ನನಗೆ ಕಲಿಸಿತು.