ಮುಳ್ಳಿಲಿಗೆ ದಾರಿ ಬಿಟ್ಟವರು

ನರ್ಸಮ್ಮನ ಹೆಬ್ಬೆರಳಿನ ಉಗುರಿನಡಿ ಸದಾ ಕೆಮ್ಮಣ್ಣು. ಡ್ಯೂಟಿಗೆ ಹೊರಡುವ ಮುಂಚೆ ಹಿತ್ತಲ ನಲ್ಲಿಯಡಿ ಕೂತು, ಹಳೆಯ ಬ್ರಷ್‌ನಿಂದ ಅದನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. ಸಂಜೆ ಬಂದ ಮೇಲೆ ಮತ್ತೆ ಮಣ್ಣೇ.

ಗೌರಿಬಿದನೂರಿನ ಅಂಚಿನ ಹೊಸ ಬಡಾವಣೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ನಾವೆಲ್ಲ ಅಂಗಳಕ್ಕೆ ಟೈಲ್ಸ್ ಹಾಕಿಸಿದರೆ ಅವರು ಮಣ್ಣನ್ನು ಹಾಗೇ ಬಿಟ್ಟು ತೋಟ ಮಾಡಿದರು. ಕಾಂಪೌಂಡಿನ ಬುಡದಲ್ಲಿ ಅಂಗೈ ಅಗಲದ ಎರಡು ಕಿಂಡಿ. ಮೂಲೆಯಲ್ಲಿ ಹೊಂಗೆಯ ತರಗೆಲೆ ರಾಶಿ, ಅಗಲ ತಟ್ಟೆಯಲ್ಲಿ ನೀರು. ತೊಟ್ಟಿಯೊಳಗೆ ಮೆಟ್ಟಿಲಿನ ಹಾಗೆ ಇಟ್ಟಿಗೆ, ಬಿದ್ದ ಜೀವ ಹತ್ತಿ ಬರಲಿ ಅಂತ. ಇಷ್ಟೆಲ್ಲ ಮುಳ್ಳಿಲಿಗಾಗಿ. ತೆಂಗಿನಕಾಯಿಗಿಂತ ಚಿಕ್ಕ ಪ್ರಾಣಿ, ಮೈತುಂಬ ಮುಳ್ಳು, ಹೆದರಿದರೆ ಉಂಡೆಯಾಗಿಬಿಡುತ್ತದೆ.

"ಇದು ಅದರ ಬಯಲಾಗಿತ್ತು. ನಾವು ಬಂದು ಮನೆ ಕಟ್ಕೊಂಡ್ವಿ. ಓಡಾಡೋಕೆ ದಾರಿಯಾದ್ರೂ ಬಿಡಬೇಡ್ವೇನಮ್ಮಾ?" ಎನ್ನುತ್ತಿದ್ದರು. ಇಲಿ ಪಾಷಾಣ ಇಟ್ಟವರನ್ನು ಬೀದಿಯಲ್ಲೇ ನಿಲ್ಲಿಸಿ ಬೈಯುತ್ತಿದ್ದರು. ಬೀದಿಯವರು ಬೆನ್ನ ಹಿಂದೆ 'ಮುಳ್ಳು ನರ್ಸು' ಅಂತ ನಗುತ್ತಿದ್ದರು. ನಕ್ಕವರಲ್ಲಿ ನಾನೂ ಇದ್ದೆ.

ನನ್ನ ಮಗಳಿಗೆ ಎರಡು ತುಂಬಿದಾಗ ಕೆಮ್ಮು ಹಿಡಿಯಿತು. ಉಸಿರು ಕಟ್ಟಿ ಮುಖ ನೀಲಿಯಾಗುವಂಥ ಕೆಮ್ಮು. ಲಸಿಕೆಯ ಸೂಜಿ ಹಾಕಿಸಿದರೆ ಜ್ವರ ಬರುತ್ತದೆಂದು ನಾವು ಎರಡು ಸಲ ತಪ್ಪಿಸಿದ್ದೆವು. ನರ್ಸಮ್ಮ ಕೇಳಿದಾಗ, ಹಾಕಿಸಿದ್ದೇವೆ ಎಂದು ಸುಳ್ಳು ಹೇಳಿದ್ದೆ. ಮುಳ್ಳಿಲಿಯ ಮುಳ್ಳು ಸುಟ್ಟು ಜೇನಿನಲ್ಲಿ ಕಲಸಿ ನೆಕ್ಕಿಸಿದರೆ ನಾಯಿಕೆಮ್ಮು ನಿಲ್ಲುತ್ತದೆ ಎಂದು ಅತ್ತೆಗೆ ಯಾರೋ ಹೇಳಿದರು. ಮಾರನೆಯ ಬೆಳಿಗ್ಗೆ ನನ್ನ ಗಂಡ ನರ್ಸಮ್ಮನ ಕಿಂಡಿಯ ಬಾಯಿಗೇ ಚೀಲ ಒಡ್ಡಿ ಒಂದನ್ನು ಹಿಡಿದು ತಂದರು. ನಾನು ಬೇಡ ಅನ್ನಲಿಲ್ಲ.

ಅತ್ತೆ ಇಕ್ಕಳದಿಂದ ಮುಳ್ಳು ಕೀಳುತ್ತಿದ್ದಾಗ, ಮಗುವಿನ ಕೆಮ್ಮು ಕೇಳಿ ನರ್ಸಮ್ಮ ಒಳಗೆ ಬಂದರು. ಬಕೆಟ್ಟಿನಲ್ಲಿ ರಕ್ತ ಒಸರುವ ಉಂಡೆ. ನನ್ನ ಮಡಿಲಲ್ಲಿ ನೀಲಿಗಟ್ಟಿದ ಮಗು.

"ಸಿಗ್ಗು ಲೇದಾ ಮೀಕು?" ಸಿಟ್ಟು ಬಂದರೆ ಅವರ ಬಾಯಿಗೆ ತೆಲುಗು ಬರುತ್ತಿತ್ತು. "ನಾಚಿಕೆ ಆಗಲ್ವಾ? ಹಾಕಿಸಿದ್ದೀವಿ ಅಂದಿದ್ದು ಸುಳ್ಳು ಅಂತ ಈ ಕೆಮ್ಮೇ ಹೇಳ್ತಿದೆ. ಪುಕ್ಕಟೆ ಹಾಕೋ ಸೂಜಿ ಬೇಡ, ಈ ಮೂಕಪ್ರಾಣಿ ಮುಳ್ಳು ಬೇಕಾ ನಿಮಗೆ?"

"ನಮ್ಮ ಹಿರೀಕರು ಮಾಡ್ತಿದ್ರಮ್ಮಾ," ಎಂದರು ಅತ್ತೆ.

"ಎಷ್ಟು ಮಕ್ಕಳು ಉಳೀತಿದ್ವು ಆಗ? ಅದನ್ನೂ ಹೇಳಿ!"

ಅತ್ತೆ ಇಕ್ಕಳ ಕೆಳಗಿಟ್ಟರು. ಅವರ ಚೊಚ್ಚಲ ಮಗು ಕೆಮ್ಮಿನಲ್ಲೇ ಹೋಗಿತ್ತು.

ನರ್ಸಮ್ಮ ಮಗುವನ್ನು ಕಸಿದುಕೊಂಡು ಆಟೋ ಹತ್ತಿದರು. ಹಿಂದೆ ನಾನು ಬರಿಗಾಲಲ್ಲಿ ಓಡಿದೆ. ಹನ್ನೊಂದು ದಿನ ಆಸ್ಪತ್ರೆ. ಡ್ಯೂಟಿ ಮುಗಿದ ಮೇಲೂ ಅವರು ಮಗುವಿನ ಮಂಚದ ಪಕ್ಕ ಕೂರುತ್ತಿದ್ದರು, ನನ್ನೊಡನೆ ಮಾತ್ರ ಮಾತಿಲ್ಲ. ಮುಳ್ಳಿಲಿ ಅದೇ ದಿನ ಸತ್ತಿತ್ತು. ಗಂಡ ಅದನ್ನು ಚರಂಡಿಗೆ ಎಸೆದಿದ್ದರಂತೆ. ನರ್ಸಮ್ಮ ಹೆಕ್ಕಿ ತಂದು ತಮ್ಮ ತೋಟದಲ್ಲಿ ಹೂತರು.

ಮನೆಗೆ ಹೊರಟ ದಿನ ಅವರ ಕಾಲಿಗೆ ಬೀಳಲು ಹೋದೆ. ಹಿಂದೆ ಸರಿದರು. "ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ಕಣಮ್ಮಾ. ಹೋಗೋದೂ ಬೇಡ. ಉಳಿದ ಸೂಜಿ ಯಾವತ್ತು ಹಾಕಿಸ್ತೀಯ, ಅದು ಹೇಳು."

ಹೋದ ವರ್ಷ ಅವರು ತೀರಿಕೊಂಡರು. ತಿಥಿಯ ಊಟಕ್ಕೆ ಕೂತ ಬೀದಿಯವರು, "ಒಳ್ಳೇವ್ರೇ ಪಾಪ. ಮನುಷ್ಯರಿಗಿಂತ ಹುಳುಹುಪ್ಪಟೆ ಮೇಲೆ ಪ್ರೀತಿ ಜಾಸ್ತಿ ಇತ್ತು, ಅಷ್ಟೇ" ಅಂದರು. ನನ್ನ ಮೈ ಉರಿದುಹೋಯಿತು. ಮಗಳ ಕೈ ಹಿಡಿದು ಅವರ ಎಲೆಗಳ ಮುಂದೆ ನಿಲ್ಲಿಸಿದೆ.

"ಇವಳು ಹುಳುಹುಪ್ಪಟೆನಾ?" ಎಂದೆ. "ಅವತ್ತು ಎರಡು ಜೀವ ತೆಗೆಯೋಕೆ ಹೊರಟಿದ್ದು ನಾವು. ಒಂದನ್ನಾದ್ರೂ ಉಳಿಸಿದ್ದು ಅವರು."

ನನ್ನ ಗಂಡ ತಲೆ ತಗ್ಗಿಸಿದರು. ಅತ್ತೆ ಮಾತ್ರ ಅನ್ನ ಕಲಸುವುದನ್ನು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ, "ನಿಜ," ಎಂದರು.